ಬೀಗದ ಕೈ ಕಚ್ಚಿ ಕುಳಿತ ನಾಯಿ: ಒಂದು ದೋಣಿ ಸವಾರಿ ಐದು ಸಿನಿಮಾಗಳಾಗಿ ಬೆಳೆದ ಪ್ರಕರಣ

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್‌ನಲ್ಲಿ ಒಂದು ಕತ್ತಲ ಕಾಲುವೆಯಿದೆ. ಆ ಕಾಲುವೆಯ ಅಂಚಿನಲ್ಲಿ ಒಂದು ಸೆರೆಮನೆ. ಸುತ್ತಲಿನ ಊರು ಹೊತ್ತಿ ಉರಿಯುತ್ತಿದೆ, ಕಂಬಿಗಳ ಹಿಂದೆ ಕಡಲ್ಗಳ್ಳರು ಸಿಕ್ಕಿಬಿದ್ದಿದ್ದಾರೆ. ಅವರ ಕೈಗೆ ಎಟುಕದಷ್ಟು ದೂರದಲ್ಲಿ ಒಂದು ನಾಯಿ ಕುಳಿತಿದೆ, ಅದರ ಬಾಯಲ್ಲಿ ಬೀಗದ ಕೈಗಳ ಗೊಂಚಲು. ಒಬ್ಬ ಹಗ್ಗದ ಕುಣಿಕೆ ಹಿಡಿದು ಕಾಯುತ್ತಿದ್ದಾನೆ, ಇನ್ನೊಬ್ಬ ಎಲುಬು ತೋರಿಸಿ ಪುಸಲಾಯಿಸುತ್ತಿದ್ದಾನೆ. ನಾಯಿ ಜಗ್ಗುವುದಿಲ್ಲ. 1967ರ ಮಾರ್ಚ್ 18ರಂದು 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಎಂಬ ಈ ಯಂತ್ರಬೊಂಬೆಗಳ ದೋಣಿ ಸವಾರಿ ಜನರಿಗೆ ತೆರೆದ ದಿನದಿಂದಲೂ ಆ ಕೈದಿಗಳು ಕರೆಯುತ್ತಲೇ ಇದ್ದಾರೆ, ಅದು ಕೂತಲ್ಲೇ ಕೂತಿದೆ.

ಮೂವತ್ತಾರು ವರ್ಷಗಳ ನಂತರ, 2003ರಲ್ಲಿ, ಅದೇ ದೃಶ್ಯ ಸಿನಿಮಾ ತೆರೆಯ ಮೇಲೆ ಕಾಣಿಸಿತು. ಅದೇ ಕಂಬಿ, ಅದೇ ಎಲುಬು, ಅದೇ ನಾಯಿ. ಪಕ್ಕದ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತ ಕ್ಯಾಪ್ಟನ್ ಜ್ಯಾಕ್ ಸ್ಪ್ಯಾರೊ, ನೀವು ಎಷ್ಟು ಕಾಲ ಹೀಗೆ ಕರೆದರೂ ಆ ನಾಯಿ ಕದಲುವುದಿಲ್ಲ ಎಂದು ಆ ಕೈದಿಗಳಿಗೆ ಹೇಳುತ್ತಾನೆ. ಸವಾರಿಯನ್ನು ಬಲ್ಲವರಿಗೆ ಆ ಒಂದು ಮಾತಿನಲ್ಲಿ ಇಡೀ ಸಿನಿಮಾದ ಗುಟ್ಟು ಸಿಕ್ಕಿಬಿಡುತ್ತದೆ. ಇದನ್ನು ಬರೆದವರು ಆ ದೋಣಿಯಲ್ಲಿ ಕುಳಿತು ಬಂದವರು, ಆ ನಾಯಿಯನ್ನು ಪ್ರೀತಿಯಿಂದ ನೋಡಿದವರು.

'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಹೆಸರಿನಲ್ಲಿ ಬಂದ ಐದು ಸಿನಿಮಾಗಳು ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 450 ಕೋಟಿ ಡಾಲರ್. ಈ ಸಂಪತ್ತಿಗೆ ಮೂಲವಾದ ಸವಾರಿಯಲ್ಲಿ ನಾಯಕನಿರಲಿಲ್ಲ, ನಾಯಕಿ ಇರಲಿಲ್ಲ, ಆರಂಭ ಮತ್ತು ಅಂತ್ಯವಿರುವ ಕಥೆಯೂ ಇರಲಿಲ್ಲ. ಇದೇ ಡಿಸ್ನಿ ಸಂಸ್ಥೆ ತನ್ನ ಪಾರ್ಕಿನ ಬೇರೆ ಆಕರ್ಷಣೆಗಳನ್ನೂ ಸಿನಿಮಾ ಮಾಡಿ ನೋಡಿತು. 2002ರ 'ದಿ ಕಂಟ್ರಿ ಬೇರ್ಸ್' ನೆಲಕಚ್ಚಿತು. 2003ರ 'ದಿ ಹಾಂಟೆಡ್ ಮ್ಯಾನ್ಷನ್' ಸಾಧಾರಣ ಗಳಿಕೆಗೇ ನಿಂತಿತು. 2021ರ 'ಜಂಗಲ್ ಕ್ರೂಸ್' ಹಾಕಿದ ಬಂಡವಾಳಕ್ಕೆ ತಕ್ಕ ಫಲ ಕೊಡಲಿಲ್ಲ. ಹಾಗಾದರೆ ಈ ಒಂದೇ ಸವಾರಿ ಹೇಗೆ ಫಲಿಸಿತು? ಫಲಿಸಿದ್ದು ಆಮೇಲೆ ಏಕೆ ಬಾಡಿತು? ನನ್ನ ಉತ್ತರ ಒಂದೇ ಪದದಲ್ಲಿದೆ: ತೆರಪು. ಸವಾರಿಯನ್ನು ಕಟ್ಟಿದವರು ಬೇಕೆಂದೇ ಬಿಟ್ಟ ತೆರಪುಗಳಲ್ಲಿ ಕಥೆ ಬೇರೂರಿತು. ಆ ತೆರಪುಗಳನ್ನು ಏನಿಟ್ಟು ತುಂಬಿದರು ಎಂಬುದರಲ್ಲಿ ಈ ಪ್ರಕರಣದ ಗೆಲುವೂ ಇದೆ, ತಪ್ಪೂ ಇದೆ.

ನೆಲಮಾಳಿಗೆಯ ಮೇಣದ ಬೊಂಬೆಗಳು

ಮೊದಲಿನ ಯೋಜನೆಯಲ್ಲಿ ದೋಣಿಯೇ ಇರಲಿಲ್ಲ. ಡಿಸ್ನಿಲ್ಯಾಂಡ್‌ನಲ್ಲಿ ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಎಂಬ ಬಡಾವಣೆಯನ್ನು ಕಟ್ಟಲು ಹೊರಟಾಗ, ಅದರ ನೆಲಮಾಳಿಗೆಯಲ್ಲಿ ಕಡಲ್ಗಳ್ಳರ ಮೇಣದ ಬೊಂಬೆಗಳನ್ನು ನಿಲ್ಲಿಸಿ, ಜನ ನಡೆದುಕೊಂಡು ನೋಡಿ ಹೋಗುವಂತೆ ಮಾಡುವ ಆಲೋಚನೆ ಇತ್ತು. ಅಷ್ಟರಲ್ಲಿ 1964–65ರ ನ್ಯೂಯಾರ್ಕ್ ವಿಶ್ವಮೇಳ ಬಂತು. ಅಲ್ಲಿಗಾಗಿ ವಾಲ್ಟ್ ಡಿಸ್ನಿಯವರ ತಂಡ ಮಾಡಿಕೊಟ್ಟ ಪ್ರದರ್ಶನಗಳಲ್ಲಿ ಎರಡು ಈ ಪ್ರಕರಣದ ದಿಕ್ಕನ್ನೇ ಬದಲಿಸಿದವು. ಒಂದರಲ್ಲಿ ಅಬ್ರಹಾಂ ಲಿಂಕನ್‌ರ ಯಂತ್ರಬೊಂಬೆ ಕುರ್ಚಿಯಿಂದ ಎದ್ದು ನಿಂತು ಭಾಷಣ ಮಾಡಿತು. ಇನ್ನೊಂದಾದ 'ಇಟ್ಸ್ ಎ ಸ್ಮಾಲ್ ವರ್ಲ್ಡ್' ನೀರಿನ ಕಾಲುವೆಯಲ್ಲಿ ದೋಣಿಗಳನ್ನು ತೇಲಿಸಿ, ನೂಕುನುಗ್ಗಲಿಲ್ಲದೆ ಭಾರೀ ಜನಸಂದಣಿಯನ್ನು ಸಾಗಿಸಿತು. ಬೊಂಬೆ ಮಾತನಾಡಬಲ್ಲದು, ನೋಡುಗ ಕುಳಿತೇ ಸಾಗಬಲ್ಲ ಎಂಬ ಎರಡೂ ಸಂಗತಿಗಳು ಒಟ್ಟಿಗೆ ಖಚಿತವಾದವು. ಮೇಣದ ಬೊಂಬೆಯ ಆಲೋಚನೆ ಅಲ್ಲಿಗೆ ಬಿದ್ದುಹೋಯಿತು.

ಇದರಿಂದ ಒಂದು ತೊಡಕು ಹುಟ್ಟಿತು. ಇಷ್ಟು ದೊಡ್ಡ ದೋಣಿ ಸವಾರಿಗೆ ಆ ನೆಲಮಾಳಿಗೆ ಸಾಲದು. ಪಾರ್ಕಿನ ಸುತ್ತ ಎತ್ತರದ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ರೈಲು ಹಳಿ. ಜಾಗವಿದ್ದದ್ದು ದಿಬ್ಬದ ಆಚೆಗೆ. ಆದ್ದರಿಂದ ದೋಣಿಗಳನ್ನು ಇಳಿಜಾರಿನಲ್ಲಿ ಕೆಳಕ್ಕೆ ಜಾರಿಸಿ, ಹಳಿಯ ಅಡಿಯಿಂದ ಆಚೆಗೆ ಸಾಗಿಸಿ, ಪಾರ್ಕಿನ ಎಲ್ಲೆಯ ಹೊರಗಿನ ದೊಡ್ಡ ಕಟ್ಟಡದಲ್ಲಿ ದೃಶ್ಯಗಳನ್ನೆಲ್ಲ ಕಟ್ಟಿದರು. ಮರಳುವಾಗ ದೋಣಿಗಳು ಒಂದು ಏರನ್ನು ಹತ್ತಿ ಮೇಲೆ ಬರುತ್ತವೆ. ಕತ್ತಲಲ್ಲಿ ದೋಣಿ ಧುಮುಕಿದಾಗ ಎದೆ ಝಲ್ಲೆನ್ನುತ್ತದೆ, ಯಾವುದೋ ಹಳೆಯ ಕಾಲಕ್ಕೆ ಜಾರಿ ಬಿದ್ದೆವು ಅನ್ನಿಸುತ್ತದೆ. ಎಂಜಿನಿಯರುಗಳಿಗೆ ಬೇಕಿದ್ದದ್ದು ರೈಲು ಹಳಿಯ ಅಡಿಯಿಂದ ಒಂದು ದಾರಿ ಮಾತ್ರ. ಕಟ್ಟಡದ ಇಕ್ಕಟ್ಟೊಂದು ನೋಡುಗನ ಮನಸ್ಸಿನಲ್ಲಿ ಕಾಲಯಾನವಾಗಿ ಮಾರ್ಪಟ್ಟದ್ದು ನನಗೆ ಈ ಪ್ರಕರಣದ ಅತ್ಯಂತ ಸುಂದರ ಸಂಗತಿ.

ಇದನ್ನು ಮಾಡಿದ ಕೈಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಪಾತ್ರಗಳನ್ನೂ ಅವುಗಳ ಕೀಟಲೆಗಳನ್ನೂ ಕಾಗದದ ಮೇಲೆ ಮೂಡಿಸಿದವರು ಆನಿಮೇಷನ್ ಕಲಾವಿದ ಮಾರ್ಕ್ ಡೇವಿಸ್. ಗುಹೆ, ಕೋಟೆ, ಊರುಗಳ ಹಿನ್ನೆಲೆಯನ್ನು ಕ್ಲಾಡ್ ಕೋಟ್ಸ್ ರೂಪಿಸಿದರು. ಬೊಂಬೆಗಳ ಮುಖಗಳನ್ನು ಕಡೆದವರು ಶಿಲ್ಪಿ ಬ್ಲೇನ್ ಗಿಬ್ಸನ್. ದೋಣಿಯಿಂದ ಒಂದು ಮುಖ ಕಾಣುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಅವನು ಕುಡುಕನೋ ಕ್ರೂರಿಯೋ ಪುಕ್ಕಲನೋ ತಿಳಿಯಬೇಕು. ಹಾಗಾಗಿ ಮೂಗು, ದವಡೆ, ಹುಬ್ಬುಗಳನ್ನು ಅವರು ನಿಜಕ್ಕಿಂತ ಒಂದು ಪಟ್ಟು ಹೆಚ್ಚು ತೀಡಿದರು. ಉಡುಪು ಮಾರ್ಕ್ ಅವರ ಪತ್ನಿ ಆಲಿಸ್ ಡೇವಿಸ್ ಅವರದು. ಊರು ಹೊತ್ತಿ ಉರಿಯುವ ಬೆಂಕಿ ಯೇಲ್ ಗ್ರೇಸಿಯವರ ಕೈಚಳಕ. ಅದರಲ್ಲಿ ನಿಜವಾದ ಒಂದು ಕಿಡಿಯೂ ಇಲ್ಲ, ಇರುವುದು ಬೆಳಕಿನ ಆಟ ಮಾತ್ರ. ಅದು ಎಷ್ಟು ನೈಜವಾಗಿತ್ತೆಂದರೆ, ನಿಜವಾಗಿ ಬೆಂಕಿ ಬಿದ್ದರೆ ಗೊಂದಲವಾಗದಂತೆ ಈ ತೋರಿಕೆಯ ಬೆಂಕಿ ತಾನಾಗಿ ಆರುವ ಏರ್ಪಾಡು ಬೇಕೆಂದು ಅನಾಹೈಮ್‌ನ ಅಗ್ನಿಶಾಮಕ ಅಧಿಕಾರಿಗಳು ಕೇಳಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಸಂಭಾಷಣೆ ಬರೆಯುವ ಕೆಲಸ ಬಂದದ್ದು ಎಕ್ಸ್ ಅಟೆನ್ಸಿಯೊ ಅವರ ಪಾಲಿಗೆ. ಅವರೂ ಆನಿಮೇಷನ್ ಕಲಾವಿದರು, ಅಲ್ಲಿಯವರೆಗೆ ಇಂಥ ಸಂಭಾಷಣೆ ಬರೆದವರಲ್ಲ. ವಾಲ್ಟ್ ಹೇಳಿದರು, ಇವರು ಬರೆದರು. ಜಾರ್ಜ್ ಬ್ರೂನ್ಸ್ ಅವರ ಸಂಗೀತಕ್ಕೆ ಸವಾರಿಯ ಹಾಡಿನ ಸಾಲುಗಳನ್ನೂ ಇವರೇ ಹೊಸೆದರು.

ಸವಾರಿಯಲ್ಲಿ ಕಡಲ್ಗಳ್ಳರು ಹರಾಜು ನಡೆಸುವ ದೃಶ್ಯದ ಬೊಂಬೆಗಳು ಇನ್ನೂ ಕಾರ್ಯಾಗಾರದಲ್ಲಿ ಇದ್ದಾಗಲೇ ತಂಡದವರು ಒಂದು ಉಪಾಯ ಮಾಡಿದರು. ಚಕ್ರದ ಹಲಗೆಯ ಮೇಲೆ ವಾಲ್ಟ್ ಅವರನ್ನು ಕೂರಿಸಿ, ದೋಣಿ ಸಾಗುವ ವೇಗದಲ್ಲೇ ಆ ದೃಶ್ಯದ ಮುಂದೆ ತಳ್ಳಿಕೊಂಡು ಹೋದರು. ಮುಗಿದ ಸವಾರಿಯನ್ನು ಅವರು ನೋಡಲಿಲ್ಲ. 1966ರ ಡಿಸೆಂಬರ್ 15ರಂದು ತೀರಿಕೊಂಡರು. ಬಾಗಿಲು ತೆರೆದದ್ದು ಮೂರು ತಿಂಗಳ ನಂತರ. ಒಬ್ಬ ಮನುಷ್ಯ ತಾನು ಕಟ್ಟಿಸಿದ ನದಿಯನ್ನು ಒಣ ನೆಲದ ಮೇಲೆಯೇ ದಾಟಿದ ಆ ಚಿತ್ರವನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಸಂತೆಯ ಮಾತು

ಅಟೆನ್ಸಿಯೊ ಮುಂದೆ ಹೇಳುತ್ತಿದ್ದ ಒಂದು ಪ್ರಸಂಗ ಈ ಪ್ರಕರಣದ ನಡುಗಂಬ. ಹರಾಜಿನ ದೃಶ್ಯದಲ್ಲಿ ಹತ್ತಾರು ದನಿಗಳು ಒಂದರ ಮೇಲೊಂದು ಬೀಳುತ್ತಿದ್ದವು, ಯಾರು ಏನು ಹೇಳುತ್ತಿದ್ದಾರೆಂದು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರು ಅಳುಕುತ್ತಲೇ ವಾಲ್ಟ್ ಬಳಿ ಇದನ್ನು ಹೇಳಿಕೊಂಡರು. ವಾಲ್ಟ್ ಚಿಂತಿಸಲಿಲ್ಲ. ಔತಣಕೂಟಕ್ಕೆ ಹೋದಾಗ ಒಂದು ಗುಂಪಿನ ಅರ್ಧ ಮಾತು ಕಿವಿಗೆ ಬೀಳುತ್ತದೆ, ಮುಂದೆ ಹೋದರೆ ಇನ್ನೊಂದು ಗುಂಪಿನದು, ಇದೂ ಹಾಗೆಯೇ, ಜನ ಪ್ರತಿ ಸಲ ಬಂದಾಗಲೂ ಹೊಸದೇನೋ ಕೇಳಿಸಿಕೊಳ್ಳುತ್ತಾರೆ ಎಂಬುದು ಅವರ ಉತ್ತರದ ಸಾರ. ನಮ್ಮ ಅನುಭವದಲ್ಲಿ ಹೇಳುವುದಾದರೆ ಸಂತೆಯಲ್ಲಿ ನಡೆದು ಹೋದ ಹಾಗೆ. ಬೆಲೆ ಕೇಳುವವನ ದನಿ ಒಂದು ಕಡೆಯಿಂದ, ಜಗಳದ ದನಿ ಇನ್ನೊಂದು ಕಡೆಯಿಂದ ಬರುತ್ತದೆ. ಜಗಳ ಹೇಗೆ ಮುಗಿಯಿತೆಂದು ತಿಳಿಯುವಷ್ಟರಲ್ಲಿ ನಾವು ಮುಂದೆ ಸಾಗಿರುತ್ತೇವೆ.

ಡಿಸ್ನಿಲ್ಯಾಂಡ್‌ನ ಸವಾರಿಯನ್ನು ನಿಧಾನವಾಗಿ ಗಮನಿಸಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಮೊದಲು ಲೂಸಿಯಾನಾದ ಜೌಗು ನೀರಿನ ಇರುಳು, ಮಿಂಚುಹುಳುಗಳು, ಮನೆಯ ಮುಂದೆ ತೂಗುಕುರ್ಚಿಯಲ್ಲಿ ಒಬ್ಬ ಮುದುಕ, ಎಲ್ಲಿಂದಲೋ ಬ್ಯಾಂಜೊ ನಾದ. ಆಮೇಲೆ ಮಾತನಾಡುವ ತಲೆಬುರುಡೆಯ ಎಚ್ಚರಿಕೆ, ಇಳಿಜಾರು. ನಂತರ ಗುಹೆಗಳು. ಅಲ್ಲಿ ಅಸ್ಥಿಪಂಜರಗಳು: ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದದ್ದೊಂದು, ನಿಧಿಯ ರಾಶಿಯ ನಡುವೆ ಇನ್ನೊಂದು. ಅದಾದ ಮೇಲೆ, ಜೀವಂತ ಕಡಲ್ಗಳ್ಳರು ಕೋಟೆಯ ಮೇಲೆ ಫಿರಂಗಿ ಹಾರಿಸುತ್ತಾರೆ, ಊರಿನ ಮುಖ್ಯಸ್ಥನನ್ನು ಬಾವಿಯಲ್ಲಿ ಮುಳುಗಿಸುತ್ತಾರೆ, ಮನೆಗಳಿಗೆ ಬೆಂಕಿ ಇಡುತ್ತಾರೆ. ಸಾವನ್ನು ಮೊದಲು ತೋರಿಸಿ, ಬದುಕನ್ನು ಆಮೇಲೆ ತೋರಿಸುವ ಕ್ರಮ ಇದು. ಸತ್ತವರು ಬದುಕಿದ್ದು ಹೇಗೆ, ಇವರೇ ಅವರೋ ಅಲ್ಲವೋ ಎಂದು ಸವಾರಿ ಎಲ್ಲಿಯೂ ಹೇಳುವುದಿಲ್ಲ. ನೋಡುಗ ದೋಣಿಯಿಂದ ಇಳಿದು ಮನೆಗೆ ಹೋದ ಮೇಲೂ ಆ ಪ್ರಶ್ನೆ ಜೊತೆಯಲ್ಲೇ ಬರುತ್ತದೆ.

1971ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದಲ್ಲಿ ಡಿಸ್ನಿಯ ಪಾರ್ಕು ತೆರೆದಾಗ ಅಲ್ಲಿ ಈ ಸವಾರಿ ಇರಲಿಲ್ಲ. ಕೆರಿಬಿಯನ್ ಪಕ್ಕದಲ್ಲೇ ಇರುವ ಜನಕ್ಕೆ ಕಡಲ್ಗಳ್ಳರು ಹೊಸತಲ್ಲ ಎಂಬ ಲೆಕ್ಕಾಚಾರ. ಬಂದವರೆಲ್ಲ ಅದನ್ನೇ ಕೇಳತೊಡಗಿದಾಗ 1973ರ ಡಿಸೆಂಬರ್‌ನಲ್ಲಿ ಒಂದು ಗಿಡ್ಡ ಆವೃತ್ತಿಯನ್ನು ಕಟ್ಟಿ ಮುಗಿಸಿದರು. ಮಾರ್ಕ್ ಡೇವಿಸ್ ಅಲ್ಲಿಗಾಗಿ ಯೋಜಿಸಿದ್ದ ಅಮೆರಿಕದ ಪಶ್ಚಿಮ ಸೀಮೆಯ ದೊಡ್ಡ ದೋಣಿ ಸವಾರಿ ಮೂಲೆಗೆ ಬಿತ್ತು, ಮತ್ತೆಂದೂ ಮೇಲೇಳಲಿಲ್ಲ. ಟೋಕಿಯೊದಲ್ಲಿ 1983ರಲ್ಲಿ, ಪ್ಯಾರಿಸ್‌ನಲ್ಲಿ 1992ರಲ್ಲಿ ಪಾರ್ಕು ಶುರುವಾದ ದಿನವೇ ಕಡಲ್ಗಳ್ಳರು ಹಾಜರಿದ್ದರು.

ಯಾರಿಗೂ ಬೇಡವಾಗಿದ್ದ ಸಿನಿಮಾ

ಈ ಹೊತ್ತಿಗೆ ಹಾಲಿವುಡ್‌ನಲ್ಲಿ ಕಡಲ್ಗಳ್ಳರ ಸಿನಿಮಾ ಎಂದರೆ ಅಪಶಕುನ. 1995ರಲ್ಲಿ ಬಂದ 'ಕಟ್‌ಥ್ರೋಟ್ ಐಲ್ಯಾಂಡ್' ಅಮೆರಿಕದಲ್ಲಿ ಗಳಿಸಿದ್ದು ಸುಮಾರು 1 ಕೋಟಿ ಡಾಲರ್ ಮಾತ್ರ, ಖರ್ಚು ಅದರ ಹತ್ತುಪಟ್ಟಿನ ಆಸುಪಾಸು. ನಿರ್ಮಿಸಿದ ಕೆರೊಲ್ಕೊ ಸಂಸ್ಥೆ ಸಿನಿಮಾ ಬಿಡುಗಡೆಗೆ ಮೊದಲೇ ದಿವಾಳಿ ಅರ್ಜಿ ಹಾಕಿತ್ತು. ಇಂಥ ಹಿನ್ನೆಲೆಯಲ್ಲಿ, ಅದೂ ಒಂದು ಪಾರ್ಕಿನ ಸವಾರಿಯನ್ನು ಆಧರಿಸಿ, ಸುಮಾರು 14 ಕೋಟಿ ಡಾಲರ್ ಸುರಿಯುವುದೆಂದರೆ ಎದೆಗಾರಿಕೆ ಬೇಕು. ಆಗ ಡಿಸ್ನಿಯ ಮುಖ್ಯಸ್ಥರಾಗಿದ್ದ ಮೈಕೆಲ್ ಐಸ್ನರ್ ಖರ್ಚಿನ ಬಗ್ಗೆ ಅಳುಕಿದ್ದರಲ್ಲಿ ಆಶ್ಚರ್ಯವಿಲ್ಲ.

ನಿರ್ಮಾಪಕ ಜೆರ್ರಿ ಬ್ರಕ್‌ಹೈಮರ್ ಕರೆತಂದ ಟೆಡ್ ಎಲಿಯಟ್ ಮತ್ತು ಟೆರ್ರಿ ರೋಸಿಯೊ ಎಂಬ ಬರಹಗಾರರ ಜೋಡಿ ಚಿತ್ರಕಥೆಗೆ ಶಾಪದ ಎಳೆಯನ್ನು ತಂದಿತು. ನಿಧಿ ಕದ್ದ ಕಡಲ್ಗಳ್ಳರು ಸಾಯಲಾರರು, ಬದುಕಲೂ ಆರರು. ಹಗಲಿನಲ್ಲಿ ಮನುಷ್ಯರಂತೆ ಕಾಣುವವರು ಬೆಳದಿಂಗಳು ಬಿದ್ದೊಡನೆ ಅಸ್ಥಿಪಂಜರಗಳು. ಸವಾರಿಯಲ್ಲಿ ಗುಹೆಯ ಎಲುಬುಗಳಿಗೂ ಊರು ಸುಡುವ ಜೀವಂತ ಕಳ್ಳರಿಗೂ ನಡುವೆ ಉಳಿದಿದ್ದ ಆ ದೊಡ್ಡ ತೆರಪು ನೆನಪಿದೆಯಲ್ಲ? ಅದಕ್ಕೆ ಇಷ್ಟು ಸರಳವಾದ, ಇಷ್ಟು ಒಪ್ಪುವ ಉತ್ತರ ಇನ್ನೊಂದಿಲ್ಲ. ಸತ್ತವರು ಮತ್ತು ಬದುಕಿದವರು ಒಬ್ಬರೇ, ನಡುವೆ ಇರುವುದು ಒಂದು ಮೋಡ ಸರಿಯುವಷ್ಟು ಅಂತರ. ಸವಾರಿಯ ದೃಶ್ಯಗಳನ್ನು ಸಿನಿಮಾಕ್ಕೆ ಎತ್ತಿಹಾಕುವುದು ಸುಲಭ. ಸವಾರಿ ಕೇಳಿದ ಪ್ರಶ್ನೆಯನ್ನು ಗುರುತಿಸಿದ್ದು ಇವರ ಜಾಣ್ಮೆ.

ಇನ್ನೊಂದು ತೆರಪನ್ನು ತುಂಬಿದವರು ಜಾನಿ ಡೆಪ್. ಸವಾರಿಗೆ ನಾಯಕನಿರಲಿಲ್ಲ. ಚಿತ್ರಕಥೆಯಲ್ಲಿ ಕಮ್ಮಾರ ವಿಲ್ ಟರ್ನರ್ ಮತ್ತು ಗವರ್ನರನ ಮಗಳು ಎಲಿಜಬೆತ್ ಜೋಡಿಯ ಪ್ರೇಮಕಥೆಯ ಪಕ್ಕದಲ್ಲಿ ಜ್ಯಾಕ್ ಸ್ಪ್ಯಾರೊ ನಿಂತಿದ್ದ. ಡೆಪ್ ಅವನಿಗೆ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅವರ ಓಲಾಟ, ತೊದಲುಗಳನ್ನು ತಂದರು, ಬಾಯಿಗೆ ಚಿನ್ನದ ಹಲ್ಲು ಇಟ್ಟರು. ಚಿತ್ರೀಕರಣದ ತುಣುಕುಗಳನ್ನು ನೋಡಿದ ಸ್ಟುಡಿಯೊದ ಮೇಲಿನವರು ಗಾಬರಿಯಾದರು. ಆ ಗಾಬರಿಗೆ ಡೆಪ್ ಬಾಗಲಿಲ್ಲ, ನಿರ್ದೇಶಕ ಗೋರ್ ವೆರ್ಬಿನ್‌ಸ್ಕಿ ಅವರ ಬೆನ್ನಿಗಿದ್ದರು.

ಅವನ ಮೊದಲ ಪ್ರವೇಶವನ್ನು ಒಮ್ಮೆ ಹತ್ತಿರದಿಂದ ನೋಡಿ. ಸಂಗೀತ ಉಬ್ಬುತ್ತದೆ, ಹಾಯಿಕಂಬದ ತುದಿಯಲ್ಲಿ ಗಾಳಿಗೆದುರಾಗಿ ನಿಂತ ಗಂಭೀರ ಕಪ್ತಾನ. ದೊಡ್ಡ ಹಡಗು ಬರುತ್ತಿದೆ ಎಂದೇ ನಮ್ಮ ಎಣಿಕೆ. ಮರುಕ್ಷಣ ಕ್ಯಾಮೆರಾ ಹಿಂದೆ ಸರಿದಾಗ ಕಾಣುವುದು ನೀರು ತುಂಬಿ ಮುಳುಗುತ್ತಿರುವ ಒಂದು ಪುಟ್ಟ ದೋಣಿ. ಅವನು ಇಳಿದು ನೀರು ಎತ್ತಿ ಚೆಲ್ಲುತ್ತಾನೆ. ಬಂದರಿನ ಬಾಯಲ್ಲಿ ನೇತುಹಾಕಿದ ಕಡಲ್ಗಳ್ಳರ ಅಸ್ಥಿಪಂಜರಗಳು ಎದುರಾದಾಗ ಟೋಪಿ ತೆಗೆದು ಗೌರವ ಸಲ್ಲಿಸುತ್ತಾನೆ. ದೋಣಿ ಪೂರ್ತಿ ಮುಳುಗುವ ಗಳಿಗೆಗೆ ಸರಿಯಾಗಿ ಹಾಯಿಕಂಬದಿಂದ ಕಟ್ಟೆಯ ಮೇಲೆ ಒಂದು ಹೆಜ್ಜೆ ಇಡುತ್ತಾನೆ, ಪಾದ ಕೂಡ ಒದ್ದೆಯಾಗುವುದಿಲ್ಲ. ಸೋತವನು, ಸೊಕ್ಕಿನವನು, ಸತ್ತವರನ್ನು ಮರೆಯದವನು, ಅದೃಷ್ಟವಂತ. ಇಷ್ಟೂ ಹೆಚ್ಚು ಮಾತಿಲ್ಲದೆ ನಮಗೆ ತಿಳಿದುಬಿಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಮುಖ ಅರ್ಥವಾಗಬೇಕೆಂದು ಬ್ಲೇನ್ ಗಿಬ್ಸನ್ ಪಟ್ಟ ಶ್ರಮಕ್ಕೆ ಇದು ನೇರ ವಾರಸುದಾರ ಎಂದು ನಾನು ನಂಬಿದ್ದೇನೆ.

'ದಿ ಕರ್ಸ್ ಆಫ್ ದಿ ಬ್ಲ್ಯಾಕ್ ಪರ್ಲ್' ಮೊದಲ ಪ್ರದರ್ಶನ ಕಂಡದ್ದು 2003ರ ಜೂನ್ 28ರಂದು, ಡಿಸ್ನಿಲ್ಯಾಂಡ್‌ನಲ್ಲಿಯೇ. ಜುಲೈ 9ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಜಗತ್ತಿನಾದ್ಯಂತ ಸುಮಾರು 65 ಕೋಟಿ ಡಾಲರ್ ಗಳಿಕೆ, ಡೆಪ್ ಅವರಿಗೆ ಶ್ರೇಷ್ಠ ನಟ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ. ಡಿಸ್ನಿ ಹೆಸರಿನಲ್ಲಿ ಬಂದ ಸಿನಿಮಾಗಳ ಪೈಕಿ ಹದಿಮೂರು ವರ್ಷದೊಳಗಿನವರ ಪೋಷಕರಿಗೆ ಎಚ್ಚರಿಕೆ ಹೇಳುವ ಪ್ರಮಾಣಪತ್ರ ಪಡೆದ ಮೊದಲನೆಯದೂ ಇದೇ.

ತೆರಪು ಮುಚ್ಚಿಹೋದ ಬಗೆ

2006ರ 'ಡೆಡ್ ಮ್ಯಾನ್ಸ್ ಚೆಸ್ಟ್' 106 ಕೋಟಿ ಡಾಲರ್ ದಾಟಿತು, ದೃಶ್ಯ ಪರಿಣಾಮಕ್ಕೆ ಆಸ್ಕರ್ ಪಡೆಯಿತು. ಗಡ್ಡದ ಜಾಗದಲ್ಲಿ ಆಕ್ಟೋಪಸ್ ತೋಳುಗಳು ಹೊರಳಾಡುವ ಡೇವಿ ಜೋನ್ಸ್ ಪಾತ್ರದ ಹಿಂದೆ ಬಿಲ್ ನೈ ಅವರ ಕಣ್ಣುಗಳು ನಿಜವಾಗಿ ನೋಯುವುದು ಕಾಣುತ್ತದೆ. ಕಂಪ್ಯೂಟರ್ ಕೆಲಸದಲ್ಲಿ ಅಂಥದ್ದನ್ನು ನಾನು ಹೆಚ್ಚು ಕಂಡಿಲ್ಲ. 2007ರ 'ಅಟ್ ವರ್ಲ್ಡ್ಸ್ ಎಂಡ್' ಸುಮಾರು 30 ಕೋಟಿ ಡಾಲರ್ ಖರ್ಚಿನ ಸಿನಿಮಾ, ಗಳಿಕೆ 96 ಕೋಟಿ. 2011ರ 'ಆನ್ ಸ್ಟ್ರೇಂಜರ್ ಟೈಡ್ಸ್' ಮತ್ತೆ 100 ಕೋಟಿ ದಾಟಿತು. 2017ರ 'ಡೆಡ್ ಮೆನ್ ಟೆಲ್ ನೋ ಟೇಲ್ಸ್' 79 ಕೋಟಿಗೆ ಇಳಿಯಿತು.

ಈ ಒಟ್ಟು ಮೊತ್ತಗಳನ್ನಷ್ಟೇ ನೋಡಿದರೆ ಬಾಡಿದ್ದು ಗೊತ್ತಾಗುವುದಿಲ್ಲ. ಸವಾರಿ ಹುಟ್ಟಿದ ನೆಲದಲ್ಲಿ, ಉತ್ತರ ಅಮೆರಿಕದಲ್ಲಿ, ಗಲ್ಲಾಪೆಟ್ಟಿಗೆ ಹೀಗಿತ್ತು: ಮೊದಲನೆಯದಕ್ಕೆ 30.5 ಕೋಟಿ ಡಾಲರ್, ಎರಡನೆಯದಕ್ಕೆ 42.3, ಮೂರನೆಯದಕ್ಕೆ 30.9, ನಾಲ್ಕನೆಯದಕ್ಕೆ 24.1, ಐದನೆಯದಕ್ಕೆ 17.3. ಎರಡನೆಯದರ ನಂತರ ಇಳಿತ ಒಮ್ಮೆಯೂ ನಿಲ್ಲಲಿಲ್ಲ. ಹೊರದೇಶಗಳ ಪ್ರೇಕ್ಷಕರು ಅದನ್ನು ಮರೆಮಾಚಿದರು, ಅಷ್ಟೇ.

ಕಾರಣವನ್ನು ಡೆಪ್ ಅವರ ಖಾಸಗಿ ಬದುಕಿನ ಗದ್ದಲದಲ್ಲಿ ಹುಡುಕುವವರಿದ್ದಾರೆ. ಆದರೆ ಇಳಿತ ಶುರುವಾದದ್ದು ಅದಕ್ಕಿಂತ ಬಹಳ ಮೊದಲು. ನನ್ನ ಕಣ್ಣಿಗೆ ಕಾಣುವ ಕಾರಣ ಬೇರೆ. ಎರಡನೆಯ ಸಿನಿಮಾದಿಂದ ಮುಂದೆ ಪ್ರತಿಯೊಂದು ಗುಟ್ಟಿಗೂ ವಿವರಣೆ ಬಂತು. ಜ್ಯಾಕ್‌ನ ದಿಕ್ಸೂಚಿ ಎಲ್ಲಿಂದ ಬಂತು, ತಂದೆ ಯಾರು, ಹಡಗಿಗೆ ಮೊದಲು ಯಾವ ಹೆಸರಿತ್ತು, 'ಸ್ಪ್ಯಾರೊ' ಎಂಬ ಹೆಸರು ಹೇಗೆ ಅಂಟಿತು. ಶಾಪದ ಮೇಲೆ ಶಾಪ, ಒಪ್ಪಂದದ ಮೇಲೆ ಒಪ್ಪಂದ. ಸಂತೆಯಲ್ಲಿ ಕೇಳಿದ ಪ್ರತಿ ಜಗಳವನ್ನೂ ಕೋರ್ಟಿನ ದಾಖಲೆಯ ಹಾಗೆ ಓದಿ ಹೇಳತೊಡಗಿದರೆ ಸಂತೆಯ ಸೊಗಸು ಉಳಿಯುವುದಿಲ್ಲ. ಪಕ್ಕದಲ್ಲಿ ನಿಂತಿದ್ದಾಗ ಹೊಳೆಯುತ್ತಿದ್ದ ಜ್ಯಾಕ್‌ನನ್ನು ನಡುವಿಗೆ ತಂದು ನಿಲ್ಲಿಸಿದಾಗ ಅವನ ಓಲಾಟವೂ ಅಭ್ಯಾಸದ ಓಲಾಟವಾಯಿತು. ಐದನೆಯದರ ನಂತರ ವರ್ಷಗಳು ಉರುಳಿದರೂ ಆರನೆಯದು ಬರಲಿಲ್ಲ.

ಮಗ ತಾಯಿಯ ಮನೆಗೆ ಬಂದಾಗ

ಸಿನಿಮಾ ಗೆದ್ದ ಮೇಲೆ ಸವಾರಿ ಅದಕ್ಕೆ ಜಾಗ ಬಿಡಬೇಕಾಯಿತು. 2006ರ ಜೂನ್‌ನಲ್ಲಿ, ಎರಡನೆಯ ಸಿನಿಮಾ ಬರುವ ಹೊತ್ತಿಗೆ, ಅನಾಹೈಮ್‌ನ ಕಾಲುವೆಯಲ್ಲಿ ಜ್ಯಾಕ್ ಸ್ಪ್ಯಾರೊನ ಬೊಂಬೆಗಳು ಬಂದು ಸೇರಿದವು. ಒಂದು ಪೀಪಾಯಿಯೊಳಗಿಂದ ಇಣುಕುತ್ತದೆ, ಕೊನೆಯದು ನಿಧಿಯ ಕೋಣೆಯಲ್ಲಿ ರಾಜನಂತೆ ಕುಳಿತಿದೆ. ಕೋಟೆಯ ಮೇಲೆ ಫಿರಂಗಿ ಹಾರಿಸುವ ಹಡಗಿನ ಹೆಸರಿಲ್ಲದ ಕಪ್ತಾನನ ಜಾಗದಲ್ಲಿ ಮೊದಲ ಸಿನಿಮಾದ ಖಳ ಬಾರ್ಬೋಸಾ ನಿಂತ. ಈಗ ಕಡಲ್ಗಳ್ಳರು ಊರನ್ನು ದೋಚುವುದು ಜ್ಯಾಕ್‌ನನ್ನು ಹುಡುಕುತ್ತಾ. ಕಥೆ ಇಲ್ಲದಿದ್ದಲ್ಲಿ ಕಥೆ ಬಂತು. 2016ರ ಜೂನ್‌ನಲ್ಲಿ ತೆರೆದ ಶಾಂಘೈ ಪಾರ್ಕಿನಲ್ಲಂತೂ ಸವಾರಿಯನ್ನೇ ಸಿನಿಮಾದ ಮೇಲೆ ಕಟ್ಟಿದರು. ದೊಡ್ಡ ಪರದೆಗಳ ನಡುವೆ ಬೇಕಾದ ಕಡೆ ತಿರುಗುವ ದೋಣಿಗಳು ಅಲ್ಲಿವೆ. ತಂತ್ರಜ್ಞಾನದ ದೃಷ್ಟಿಯಿಂದ ಅದು ಬೆರಗು. ಅಲ್ಲಿ ನೋಡುಗನ ಪಾಲಿಗೆ ಉಳಿದ ಕೆಲಸ ಮಾತ್ರ ಕಡಿಮೆ.

ಇನ್ನೊಂದು ಬಗೆಯ ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಮೂಲ ಸವಾರಿಯಲ್ಲಿ ಕಡಲ್ಗಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಓಡುತ್ತಿದ್ದರು. 1997ರಲ್ಲಿ ಆ ಹೆಂಗಸರ ಕೈಗೆ ತಿಂಡಿಯ ತಟ್ಟೆ ಕೊಟ್ಟು, ಕಡಲ್ಗಳ್ಳರು ಓಡುವುದು ತಿಂಡಿಗಾಗಿ ಎಂಬಂತೆ ತೋರಿಸಿದರು. ಅದೊಂದು ತೇಪೆ. ಹರಾಜಿನ ದೃಶ್ಯ ಹಾಗೆಯೇ ಉಳಿದಿತ್ತು. ಊರಿನ ಹೆಂಗಸರನ್ನು ಹಗ್ಗದಲ್ಲಿ ಕಟ್ಟಿ ಸಾಲಾಗಿ ನಿಲ್ಲಿಸಿದ್ದಾರೆ, ಹೆಂಡತಿ ಬೇಕಾದವರು ಕೊಳ್ಳಿ ಎಂಬ ಬ್ಯಾನರು, ಕೆಂಪು ಕೂದಲಿನವಳಿಗಾಗಿ ಕೂಗಾಟ. ವಾಲ್ಟ್ ಅವರನ್ನು ಹಲಗೆಯ ಮೇಲೆ ತಳ್ಳಿಕೊಂಡು ಹೋದದ್ದು ಇದೇ ದೃಶ್ಯದ ಮುಂದೆ. ಅರ್ಧ ಶತಮಾನ ದೋಣಿಗಳಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು ಇದರ ಮುಂದೆ ತೇಲಿ ಹೋದರು.

2017ರಲ್ಲಿ ಪ್ಯಾರಿಸ್‌ನಲ್ಲಿ, 2018ರಲ್ಲಿ ಫ್ಲಾರಿಡಾ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಆ ದೃಶ್ಯ ಬದಲಾಯಿತು. ಈಗ ಹರಾಜಾಗುವುದು ಊರವರಿಂದ ದೋಚಿದ ಸಾಮಾನು. ಕೆಂಪು ಕೂದಲಿನವಳಿಗೆ ರೆಡ್ ಎಂಬ ಹೆಸರು ಬಂತು, ಕೈಗೆ ಬಂದೂಕು ಬಂತು. ಅವಳೂ ಕಡಲ್ಗಳ್ಳಿ. ಹಳೆಯ ಅಭಿಮಾನಿಗಳು ಕೆಲವರು ನೊಂದುಕೊಂಡರು. ಮಾರ್ಕ್ ಡೇವಿಸ್ ಅವರ ಕಲೆಯ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಹಗ್ಗ ಬಿಚ್ಚಿದ ಆ ಕೈಗಳ ಬಗ್ಗೆ ಅದಕ್ಕಿಂತ ಹೆಚ್ಚು ಗೌರವವಿದೆ. ಇದು ಪಾರ್ಕಿನಲ್ಲಿ ಸಾಧ್ಯವಾಗುವ ಕೆಲಸ. ಸಿನಿಮಾ ಒಮ್ಮೆ ಮುಗಿಸಿ ಕೊಟ್ಟರೆ ಮುಗಿಯಿತು, ಅದರಲ್ಲಿ ಇಷ್ಟವಾಗದ್ದನ್ನು ಆಮೇಲೆ ತಿದ್ದಲಾಗದು, ಪಾರ್ಕು ಹಾಗಲ್ಲ, ಬೆಳೆಯುತ್ತಲೇ ಇರಬಲ್ಲದು ಎಂದು ವಾಲ್ಟ್ ಡಿಸ್ನಿಯವರೇ ಹೇಳಿದ್ದರು.

ತಿದ್ದಲಾಗದ ದೃಶ್ಯಗಳು

ಆ ಮಾತಿನ ಇನ್ನೊಂದು ಮಗ್ಗುಲು ಸಿನಿಮಾಗಳಲ್ಲಿದೆ. ಕಡಲು ದೊಡ್ಡದು, ತೆರಪುಗಳು ಬಹಳ. ಅವನ್ನು ತುಂಬುವ ಅವಸರದಲ್ಲಿ ಬರಹಗಾರರ ಕೈಗೆ ಸಿಕ್ಕಿದ್ದು ಹಳೆಯ ಸಾಮ್ರಾಜ್ಯಗಳ ಪೆಟ್ಟಿಗೆಯಲ್ಲಿದ್ದ ಸರಕು.

ಮೂರನೆಯ ಸಿನಿಮಾದಲ್ಲಿ ಜಗತ್ತಿನ ಒಂಬತ್ತು ಕಡಲ್ಗಳ್ಳ ದೊರೆಗಳ ಸಭೆ ಸೇರುತ್ತದೆ. ಹಿಂದೂ ಮಹಾಸಾಗರದ ದೊರೆಯ ಹೆಸರು ಶ್ರೀ ಸುಂಭಾಜಿ ಆಂಗ್ರಿಯಾ. ಅವನ ಪರವಾಗಿ ಸೇವಕ ಮಾತನಾಡುತ್ತಾನೆ, ಕೊನೆಗೆ ಅವನೇ ಬಾಯಿ ತೆರೆದಾಗ ಬರುವ ಕೀರಲು ದನಿ ನಗೆಗಾಗಿ ಇಟ್ಟದ್ದು. ಈ ಹೆಸರು ಬಂದದ್ದು ಕೊಂಕಣ ಕರಾವಳಿಯ ಆಂಗ್ರೆ ಮನೆತನದಿಂದ. 1729ರಲ್ಲಿ ತೀರಿಕೊಂಡ ಕಾನ್ಹೋಜಿ ಆಂಗ್ರೆ ಮರಾಠ ನೌಕಾಪಡೆಯ ಸರಖೇಲ್, ಅಂದರೆ ಮುಖ್ಯ ದಂಡನಾಯಕ. ಸಂಭಾಜಿ ಅವರ ಮಗ. ತಮ್ಮ ಕರಾವಳಿಯಲ್ಲಿ ಸಾಗುವ ಹಡಗುಗಳು ತಮ್ಮ ರಹದಾರಿ ಪಡೆಯಬೇಕೆಂದು ಆಂಗ್ರೆಗಳು ಪಟ್ಟು ಹಿಡಿದರು. ಪೋರ್ಚುಗೀಸರು ತಮ್ಮ ರಹದಾರಿಯನ್ನು ಹೇರಿದಾಗ ಅದು ಆಡಳಿತವಾಗಿತ್ತು, ಆಂಗ್ರೆಗಳು ಕೇಳಿದಾಗ ಇಂಗ್ಲಿಷ್ ಕಂಪನಿಯ ಕಡತಗಳಲ್ಲಿ ಕಡಲ್ಗಳ್ಳತನವಾಯಿತು. 1721ರಲ್ಲಿ ಇಂಗ್ಲಿಷರು ಮತ್ತು ಪೋರ್ಚುಗೀಸರು ಕೂಡಿ ಕೊಲಾಬಾ ಕೋಟೆಯ ಮೇಲೆ ಹೋಗಿ ಬರಿಗೈಯಲ್ಲಿ ಮರಳಿದ್ದರು. ಕಂಪನಿ ಕೊಟ್ಟ ಬಿರುದನ್ನೇ ಸಿನಿಮಾ 2007ರಲ್ಲಿ ಮತ್ತೆ ತೊಡಿಸಿತು. ಇಂದು ಮುಂಬೈಯಲ್ಲಿ ಭಾರತೀಯ ನೌಕಾಪಡೆಯ ಒಂದು ನೆಲೆಗೆ ಐಎನ್‌ಎಸ್ ಆಂಗ್ರೆ ಎಂದು ಹೆಸರಿದೆ.

ಆಂಗ್ರೆಗಳ ಪರವಾಗಿ ಮಾತನಾಡಲು ಒಂದು ದೇಶವಾದರೂ ಇದೆ. ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪದೇಶ ಡೊಮಿನಿಕಾದ ಕಲಿನಾಗೊ ಜನರದು ಬೇರೆ ಪರಿಸ್ಥಿತಿ. ಅವರು ಆ ದ್ವೀಪಗಳ ಮೂಲನಿವಾಸಿಗಳು. ಯುರೋಪಿನವರು ಬಂದ ಮೇಲೆ ಅಳಿದುಳಿದವರು ಮೂರು ಸಾವಿರದ ಆಸುಪಾಸು. 1903ರಲ್ಲಿ ಅವರಿಗಾಗಿ ಬಿಟ್ಟ ಸುಮಾರು 3,700 ಎಕರೆ ನೆಲದಲ್ಲಿ ಬದುಕುತ್ತಿದ್ದಾರೆ. ಎರಡನೆಯ ಸಿನಿಮಾದ ಚಿತ್ರೀಕರಣ 2005ರಲ್ಲಿ ಅಲ್ಲಿ ನಡೆಯಿತು. ಜ್ಯಾಕ್‌ನನ್ನು ಹಿಡಿದು ಬೇಯಿಸಿ ತಿನ್ನಲು ಹೊರಟ ನರಭಕ್ಷಕ ಬುಡಕಟ್ಟಿನ ದೃಶ್ಯಗಳವು. ಆಗಿನ ಮುಖ್ಯಸ್ಥ ಚಾರ್ಲ್ಸ್ ವಿಲಿಯಮ್ಸ್ ಬಹಿರಂಗವಾಗಿ ವಿರೋಧಿಸಿದರು. ನಮ್ಮ ಪೂರ್ವಜರು ನರಭಕ್ಷಕರಾಗಿರಲಿಲ್ಲ, ಅವರು ವಸಾಹತುಗಾರರ ವಿರುದ್ಧ ಹೋರಾಡಿದವರು, ಈ ಕಳಂಕವನ್ನು ಮತ್ತೆ ಹೊರಿಸಬೇಡಿ ಎಂಬುದು ಅವರ ಅಹವಾಲು. ಕಥೆ ಬದಲಾಗಲಿಲ್ಲ. ಕಲಿನಾಗೊ ಜನರಲ್ಲೇ ಕೆಲವರು ಕೂಲಿಗಾಗಿ ಆ ಚಿತ್ರೀಕರಣದಲ್ಲಿ ಸಹನಟರಾಗಿ ನಿಂತರು. ಬಡತನವಿರುವಲ್ಲಿ ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಸಿನಿಮಾದ ಹೆಸರುಪಟ್ಟಿ ಮುಗಿದ ಮೇಲೆ ಒಂದು ಪುಟ್ಟ ತುಣುಕು ಬರುತ್ತದೆ. ಜ್ಯಾಕ್ ತಪ್ಪಿಸಿಕೊಂಡ ಬಳಿಕ ಆ ಬುಡಕಟ್ಟು ಹೊಸ ದೊರೆಯನ್ನು ಸಿಂಹಾಸನದಲ್ಲಿ ಕೂರಿಸಿಕೊಂಡಿದೆ. ಬೀಗದ ಕೈ ಕಚ್ಚಿಕೊಂಡಿದ್ದ ಅದೇ ನಾಯಿ. ಸವಾರಿಯ ಅತ್ಯಂತ ಮುಗ್ಧ ನಗೆಯನ್ನು ತಂದು ಒಂದು ಜನಾಂಗದ ಹಳೆಯ ಗಾಯದ ಮೇಲೆ ಕೂರಿಸಿದ ಹಾಗೆ ನನಗೆ ಕಾಣುತ್ತದೆ.

ಕೊಲಂಬಸ್ ಮತ್ತು ಅವನ ಹಿಂದೆ ಬಂದವರು ಆ ಜನರಿಗೆ ಇಟ್ಟ ಹೆಸರು 'ಕ್ಯಾರಿಬ್'. ಇಂಗ್ಲಿಷಿನಲ್ಲಿ ನರಭಕ್ಷಕನಿಗೆ ಹೇಳುವ 'ಕ್ಯಾನಿಬಲ್' ಹುಟ್ಟಿದ್ದು ಅದೇ ಬೇರಿನಿಂದ. ಸಮುದ್ರಕ್ಕೆ 'ಕೆರಿಬಿಯನ್' ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಸವಾರಿಯ ಫಲಕದ ಮೇಲೆ, ಐದು ಸಿನಿಮಾಗಳ ಭಿತ್ತಿಪತ್ರಗಳ ಮೇಲೆ ಇರುವುದು ಆ ಹೆಸರೇ. 2015ರಲ್ಲಿ ಡೊಮಿನಿಕಾದ ಸಂಸತ್ತು 'ಕ್ಯಾರಿಬ್ ಪ್ರದೇಶ' ಎಂಬ ಹೆಸರನ್ನು ಕಾನೂನಿನಿಂದ ತೆಗೆದು ಕಲಿನಾಗೊ ಪ್ರದೇಶ ಎಂದು ಬರೆಯಿತು. ಅವರು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಹೆಸರು ಅದು.